ಬದಲಿಯಕ್ಕನ ಬುಧವಾರ

ಮೂಲೆ ಅಂಗಡಿಯ ಗಾಜಿಗೆ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂಬ ಚೀಟಿ ಅಂಟಿಸಿ ವರ್ಷದ ಮೇಲಾಗಿತ್ತು. ಬಿಸಿಲಿಗೆ ಮಾಸಿ ಮಾಸಿ ಈಗ ‘ಕೆಲಸಕ್ಕೆ ಜನ’ ಎಂದಷ್ಟೇ ಓದಬಹುದಿತ್ತು. ಕೇಳಿಕೊಂಡು ಯಾರೂ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದರು, ಸಂಬಳ ಎಷ್ಟು ಎನ್ನುತ್ತಿದ್ದರು, ಉತ್ತರ ಕೇಳಿದ ಮೇಲೆ ಒಂದು ನೀರಿನ ಬಾಟಲಿ ಕೊಂಡು, ಯೋಚನೆ ಮಾಡಿ ಹೇಳ್ತೀವಿ ಎಂದು ಹೋಗುತ್ತಿದ್ದರು. ಯೋಚನೆ ಮಾಡಿ ಹೇಳಿದವರು ಈವರೆಗೆ ಒಬ್ಬರೂ ಇಲ್ಲ.

ಹಾಲು, ಬ್ರೆಡ್ಡು, ಸೋಪು, ಮೊಬೈಲ್ ಚಾರ್ಜರ್ ಎಲ್ಲ ಸಿಗುವ, ಹಗಲು ರಾತ್ರಿ ತೆರೆದೇ ಇರುವ ಅಂಗಡಿ ಅದು. ಒಂದು ಕಾಲಕ್ಕೆ ಒಂಬತ್ತು ಜನ ಇದ್ದರು. ಒಬ್ಬ ಮಾಲ್ ಒಂದರಲ್ಲಿ ಸೆಕ್ಯುರಿಟಿಗೆ ಸೇರಿದ. ಸಂಬಳ ಇಷ್ಟೇ ಆದರೂ ಅಲ್ಲಿ ಕೂರಲು ಕುರ್ಚಿ ಕೊಡುತ್ತಾರಂತೆ. ಒಬ್ಬಳು ಮದುವೆಯಾಗಿ ಹೋದಳು. ಒಬ್ಬಳು ರಸ್ತೆಯಾಚೆಯ ಅಂಗಡಿಗೆ ಸೇರಿದಳು. ಮೂವರು ಹೇಳದೆ ಕೇಳದೆ ಹೋದರು. ಉಳಿದವರು ಮೂವರು, ಮೂರು ಪಾಳಿಗೆ ಒಬ್ಬೊಬ್ಬರಂತೆ. ಜೊತೆಗೆ ಒಬ್ಬ ಮ್ಯಾನೇಜರ್. ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಅಂಗಡಿಯೂ ಅವನ ತಲೆಗೇ ಬಿದ್ದಿದ್ದರಿಂದ ಅವನು ಇಲ್ಲಿಯೂ ಇರುತ್ತಿರಲಿಲ್ಲ, ಅಲ್ಲಿಯೂ ಸಿಗುತ್ತಿರಲಿಲ್ಲ.

ಬೆಳಗಿನ ಆರರಿಂದ ಎರಡರ ಪಾಳಿ ಬದಲಿಯಕ್ಕನದು. ಅವಳಿಗೆ ಬೇರೆ ಹೆಸರಿದೆ, ಆದರೆ ಅದು ಗೊತ್ತಿರುವುದು ಬ್ಯಾಂಕಿಗೆ ಮಾತ್ರ. ಅಂಗಡಿಯ ನಿಯಮದ ಪ್ರಕಾರ ರಜೆ ಬೇಕಾದವರು ತಮ್ಮ ಬದಲಿಗೆ ಇನ್ನೊಬ್ಬರನ್ನು ತಾವೇ ಹುಡುಕಿ ಒಪ್ಪಿಸಬೇಕು. ಐದು ವರ್ಷಗಳಲ್ಲಿ ಎಲ್ಲರೂ ಹುಡುಕಿಕೊಂಡು ಬಂದದ್ದು ಇವಳ ಬಳಿಗೇ. ಅಕ್ಕ, ನಾಳೆ ಒಂದಿನ ನೋಡ್ಕೊತೀಯಾ ಎಂದರೆ ಸಾಕು, ಆಯ್ತು ಬಿಡು ಎನ್ನುವುದು ಇವಳ ಬಾಯಿಗೆ ತಾನಾಗಿಯೇ ಬರುತ್ತಿತ್ತು. ಮನೆಗೆ ಹೋದ ಮೇಲೆ ತನ್ನ ನಾಲಿಗೆಯನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಈಗ ಅವಳಿಗೇ ಒಂದು ಬುಧವಾರ ಬೇಕಾಗಿತ್ತು.

ಮಗಳಿಗೆ ಮೂರೂವರೆ ವರ್ಷ. ಕಿವಿ ಚೆನ್ನಾಗಿದೆ, ನಗು ಚೆನ್ನಾಗಿದೆ, ಬೇಕಾದ್ದರ ಕಡೆಗೆ ಕೈ ಹಿಡಿದು ಎಳೆಯುತ್ತಾಳೆ. ಮಾತು ಮಾತ್ರ ಇಲ್ಲ. ಅವರಪ್ಪನೂ ನಾಲ್ಕಕ್ಕೇ ಬಾಯಿ ಬಿಟ್ಟಿದ್ದು ಎಂದು ಅತ್ತೆ ಹೇಳುತ್ತಲೇ ಇದ್ದರು. ಹಗಲೆಲ್ಲ ಮಗು ಅತ್ತೆಯ ಜೊತೆ. ಅತ್ತೆಗೆ ಕಿವಿ ಮಂದ. ಗಂಡ ಲಾರಿ ಓಡಿಸುವವನು, ವಾರಕ್ಕೆ ಐದು ದಿನ ದಾರಿಯ ಮೇಲೆ. ಕೇಳದ ಅಜ್ಜಿಯೂ ಆಡದ ಮೊಮ್ಮಗಳೂ ದಿನವಿಡೀ ಒಂದೇ ಚಾಪೆಯ ಮೇಲೆ ಏನು ಮಾಡುತ್ತಾರೆ ಎಂಬ ಯೋಚನೆ ಬಂದಾಗಲೆಲ್ಲ ಬದಲಿಯಕ್ಕನಿಗೆ ಬಿಲ್ಲಿನಲ್ಲಿ ತಪ್ಪಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಮಾತಿನ ವಿಭಾಗದಲ್ಲಿ ಹೆಸರು ಬರೆಸಿ ನಾಲ್ಕು ತಿಂಗಳು ಕಾದಿದ್ದಳು. ಬುಧವಾರ ಹತ್ತೂವರೆಗೆ ಸಮಯ ಸಿಕ್ಕಿತು. ತಾಯಿ ಅಥವಾ ತಂದೆ ಬರಲೇಬೇಕು. ಬರದಿದ್ದರೆ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ, ಮತ್ತೆ ನಾಲ್ಕು ತಿಂಗಳು.

ಬದಲಿಗಾಗಿ ಅವಳು ಹನ್ನೊಂದು ಜನಕ್ಕೆ ಫೋನ್ ಮಾಡಿದಳು. ತಾನು ಯಾರ ಯಾರ ಬದಲಿಗೆ ನಿಂತಿದ್ದಳೋ ಅವರಲ್ಲಿ ಬಹುಪಾಲು ಜನ ಅಂಗಡಿಯಲ್ಲೇ ಇರಲಿಲ್ಲ. ಮಧ್ಯಾಹ್ನದ ಪಾಳಿಯವಳಿಗೆ ಬೆಳಿಗ್ಗೆ ಎರಡು ಮನೆಯ ಪಾತ್ರೆ ಕೆಲಸ. ಇಲ್ಲಿಯ ಸಂಬಳ ಬಾಡಿಗೆಗೆ, ಅಲ್ಲಿಯದು ಊಟಕ್ಕೆ. ರಾತ್ರಿ ಪಾಳಿಯವನು ಆರಕ್ಕೆ ಮನೆಗೆ ಹೋಗಿ ಬಿದ್ದರೆ ಫೋನಿನ ಸದ್ದೂ ಅವನಿಗೆ ಕೇಳಿಸದು. ಕೊನೆಗೆ ಒಪ್ಪಿದವಳು, ಮೊದಲು ಇಲ್ಲೇ ಇದ್ದು ಈಗ ರಸ್ತೆಯಾಚೆಯ ಅಂಗಡಿಯಲ್ಲಿ ಕೆಲಸಕ್ಕಿರುವ ಹಳೆಯ ಗೆಳತಿ. ಬುಧವಾರ ಅವಳಿಗೆ ವಾರದ ರಜೆ. ಒಂಬತ್ತೂವರೆಗೆ ಬಂದು ನಿಲ್ಲುತ್ತೇನೆ ಎಂದಳು. ಮ್ಯಾನೇಜರ್ ಮೂಗು ಮುರಿದರೂ, ಯಾರಾದ್ರೂ ಇದ್ರಾಯ್ತು ಎಂದು ಒಪ್ಪಿಕೊಂಡ.

ಬುಧವಾರ ಒಂಬತ್ತೂಕಾಲಿಗೆ ಅತ್ತೆ ಮಗುವನ್ನು ಬಸ್ಸಿನಲ್ಲಿ ಕರೆತಂದರು. ಮಗು ಕೌಂಟರಿನ ಹಿಂದೆ ರಟ್ಟಿನ ಪೆಟ್ಟಿಗೆಯ ಮೇಲೆ ನಿಂತು ಅಮ್ಮ ಬಿಲ್ಲು ಮಾಡುವುದನ್ನು ನೋಡತೊಡಗಿತು. ಒಂಬತ್ತೂವರೆಯಾಯಿತು. ಒಂಬತ್ತು ನಲವತ್ತಕ್ಕೆ ಗೆಳತಿ ರಸ್ತೆ ದಾಟಿ ಓಡಿ ಬಂದಳು, ಮೈಮೇಲೆ ಎದುರಂಗಡಿಯದೇ ಸಮವಸ್ತ್ರ. ಅವಳ ಬದಲಿಗೆ ಇರಬೇಕಾದವಳು ಬೆಳಿಗ್ಗೆ ಕೆಲಸ ಬಿಟ್ಟಿದ್ದೇನೆಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡಿದ್ದಾಳಂತೆ. ಅಲ್ಲಿ ಈಗ ಯಾರೂ ಇಲ್ಲ, ಕೌಂಟರ್ ಬಿಟ್ಟು ಬಂದು ಎರಡು ನಿಮಿಷವಾಯಿತು.

“ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಬಯ್ಯಬೇಡ,” ಎಂದಳು ಗೆಳತಿ. ಬಯ್ಯಲು ಬದಲಿಯಕ್ಕನಿಗೆ ಪುರುಸೊತ್ತಿರಲಿಲ್ಲ. ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು.

ಅವರನ್ನು ಕಳಿಸಿ ಮ್ಯಾನೇಜರಿಗೆ ಫೋನ್ ಹಚ್ಚಿದಳು. ಅವನು ಬಸ್ ನಿಲ್ದಾಣದ ಅಂಗಡಿಯಲ್ಲಿ ಒಬ್ಬನೇ ಇದ್ದ. ಹನ್ನೆರಡಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಹೇಗಾದರೂ ಮಾಡು ಎಂದ. ಹೇಗಾದರೂ ಎಂದರೆ ಹೇಗೆ ಎಂದು ಅವಳು ಕೇಳಿದಳು.

“ಬಾಗಿಲು ಹಾಕ್ಕೊಂಡು ಹೋಗ್ತೀನಿ ಸರ್.”

“ಹಾಕು. ಕೀ ಎಲ್ಲಿದೆ?”

ಅದು ಅವಳಿಗೂ ಗೊತ್ತಿರಲಿಲ್ಲ. ಅಂಗಡಿ ಶುರುವಾದ ದಿನದಿಂದ ಆ ಬಾಗಿಲಿಗೆ ಬೀಗ ಹಾಕಿಯೇ ಇಲ್ಲ. ಕೀ ಯಾರ ಕೈಗೆ ಕೊಟ್ಟಿದ್ದರೋ, ಅವರು ಯಾವಾಗ ಕೆಲಸ ಬಿಟ್ಟರೋ. ಹತ್ತಿರ ಬಂದವರಿಗೆಲ್ಲ ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು ಅದು. ಮ್ಯಾನೇಜರ್ ದನಿಯನ್ನು ಸ್ವಲ್ಪ ಮೆತ್ತಗೆ ಮಾಡಿ, ಇನ್ನೊಂದು ಡೇಟ್ ತಗೊಂಡ್ರಾಯ್ತಲ್ಲ, ಮಕ್ಕಳು ಇವತ್ತಲ್ಲ ನಾಳೆ ಮಾತಾಡೇ ಆಡ್ತಾವೆ ಎಂದ. ಅವಳು ಫೋನ್ ಇಟ್ಟಳು.

ಗಂಟೆ ಹತ್ತಾಗಲು ಎಂಟು ನಿಮಿಷ. ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಅವಳು ಹಾಲಿನ ಕ್ರೇಟನ್ನು ತಂದು ಬಾಗಿಲ ನಟ್ಟನಡುವೆ ಬೋರಲು ಹಾಕಿದಳು, ಗಾಜಿನ ಎರಡು ಹಲಗೆಗಳೂ ಮುಚ್ಚದಂತೆ. ಅದರ ಮೇಲೆ ಅತ್ತೆಯನ್ನು ಕೂರಿಸಿ, ಎಡಬಲಕ್ಕೆ ‘ನೆಲ ಒದ್ದೆಯಾಗಿದೆ’ ಎಂಬ ಎರಡು ಹಳದಿ ಬೋರ್ಡು ನಿಲ್ಲಿಸಿದಳು. ಬಗ್ಗಿ ಅತ್ತೆಯ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು: “ಅತ್ತೆ, ನಾನು ಬರೋವರೆಗೂ ಯಾರನ್ನೂ ಒಳಗೆ ಬಿಡಬೇಡಿ. ಯಾರೇ ಬಂದ್ರೂ.”

“ನೀನು ಹೋಗು, ನಾನಿಲ್ವಾ,” ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ಮನೆಯಾಚೆ ಅವರಿಗೆ ಯಾರಾದರೂ ಕೆಲಸ ವಹಿಸಿ ಬಹಳ ವರ್ಷವಾಗಿತ್ತು.

ಹತ್ತು ಇಪ್ಪತ್ತೇಳಕ್ಕೆ ಬದಲಿಯಕ್ಕ ಮಗುವನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಒಳಗೆ ಫೋನ್ ಆಫ್ ಮಾಡಿಸಿದರು. ಮಾತಿನ ಡಾಕ್ಟರಮ್ಮ ನೆಲದ ಮೇಲೆ ಕೂತು ಮರದ ತುಂಡುಗಳನ್ನು ಹರಡಿದರು. ಮಗು ಅವುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಆಮೇಲೆ ಒಂದು ತುಂಡನ್ನೆತ್ತಿ ಮೇಜಿನ ಅಂಚಿಗೆ ಸವರಿ “ಪೀ” ಎಂದಿತು. ಇನ್ನೊಂದನ್ನೆತ್ತಿ ಮತ್ತೆ “ಪೀ” ಎಂದಿತು.

“ಏನಮ್ಮ ಇದು?” ಎಂದು ಡಾಕ್ಟರಮ್ಮ ಕೇಳಿದರು.

“ಬಿಲ್ಲು ಮಾಡ್ತಿದ್ದಾಳೆ ಮೇಡಂ,” ಎಂದಳು ಬದಲಿಯಕ್ಕ. ಅಂಗಡಿಯಲ್ಲಿ ಸಾಮಾನಿನ ಗೆರೆಗಳನ್ನು ಮೆಷಿನ್ನಿಗೆ ತೋರಿಸಿದಾಗ ಬರುವ ಸದ್ದು ಅದು ಎಂದು ವಿವರಿಸಿದಳು. ಮಗಳು ಆ ಸದ್ದು ಕೇಳಿದ್ದು ಅರ್ಧ ಗಂಟೆಯಷ್ಟೇ.

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಕೇಳಿದ್ದನ್ನು ಹಿಡಿಯುತ್ತಾಳೆ, ಒಳ್ಳೆಯದೇ ಎಂದರು. ಆಮೇಲೆ, ಇವಳು ದಿನಾ ಯಾರ ಮಾತು ಕೇಳ್ತಾಳೆ ಎಂದರು. ಬದಲಿಯಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮನೆಗೆ ಹೋಗುವ ಹೊತ್ತಿಗೆ ತನ್ನ ಬಾಯಲ್ಲೂ ಮಾತು ಉಳಿದಿರುವುದಿಲ್ಲ ಎಂಬುದನ್ನೂ ಸೇರಿಸಿ. ಆರು ತಿಂಗಳು, ಪ್ರತಿ ಬುಧವಾರ ಬರಬೇಕು ಎಂದು ಚೀಟಿ ಬರೆದುಕೊಟ್ಟರು. ಎರಡು ಸಲ ತಪ್ಪಿಸಿದರೆ ಜಾಗ ಬೇರೆಯವರಿಗೆ.

ಒಂದು ಬುಧವಾರಕ್ಕೆ ಇಷ್ಟು, ಇಪ್ಪತ್ತಾರಕ್ಕೆ ಎಷ್ಟು ಎಂದು ಬಸ್ಸಿನುದ್ದಕ್ಕೂ ಅವಳ ತಲೆ ಓಡುತ್ತಿತ್ತು.

ಅಂಗಡಿಯಲ್ಲಿ ಏನೇನಾಯಿತೆಂದು ಆಮೇಲೆ ಹೇಳಿದವಳು, ಎಲ್ಲವನ್ನೂ ಎದುರಿನ ಕೌಂಟರಿನಿಂದ ನೋಡುತ್ತಿದ್ದ ಗೆಳತಿ. ಬಂದ ಗಿರಾಕಿಗಳಿಗೆಲ್ಲ ಅತ್ತೆ, ಆಮೇಲೆ ಬನ್ನಿ ಎಂದರು. ವಾದ ಮಾಡಿದವರ ವಾದ ಅವರಿಗೆ ಕೇಳಿಸಲಿಲ್ಲ. ಹನ್ನೊಂದರ ಹೊತ್ತಿಗೆ ಮ್ಯಾನೇಜರ್, ಬಸ್ ನಿಲ್ದಾಣದ ಅಂಗಡಿಯ ರಾತ್ರಿ ಪಾಳಿಯವನನ್ನು ನಿದ್ದೆಯಿಂದೆಬ್ಬಿಸಿ ಅಲ್ಲಿ ನಿಲ್ಲಿಸಿ, ಸ್ಕೂಟರಿನಲ್ಲಿ ಬಂದಿಳಿದ. ನಾನು ಮ್ಯಾನೇಜರ್ ಎಂದ. ಆಮೇಲೆ ಬನ್ನಿ ಎಂದರು ಅತ್ತೆ. ಕೊರಳಿನ ಗುರುತಿನ ಚೀಟಿ ಹಿಡಿದು ತೋರಿಸಿದ. ಕನ್ನಡಕ ಮನೇಲಿದೆಯಪ್ಪ ಎಂದರು. ಬದಲಿಯಕ್ಕನ ಫೋನ್ ಆಫ್ ಆಗಿತ್ತು. ಅಜ್ಜಿಯೊಬ್ಬರನ್ನು ಕೈಹಿಡಿದು ಎಬ್ಬಿಸಲು ಅವನಿಗೆ ಧೈರ್ಯ ಬರಲಿಲ್ಲ, ನೋಡುವ ಜನ ಬೇರೆ ಸೇರಿದ್ದರು. ಹನ್ನೆರಡೂಕಾಲಿಗೆ ಅವಳು ಬಂದಾಗ ಅವನು ಫುಟ್‌ಪಾತಿನ ಅಂಚಿಗೆ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಮೇಲಿನವರು ಕೇಳ್ತಿದ್ದಾರೆ, ಎರಡು ಗಂಟೆ ವ್ಯಾಪಾರ ಯಾಕಿಲ್ಲ ಅಂತ,” ಎಂದ. “ಏನಂತ ಹೇಳ್ಲಿ?”

“ಜನ ಇಲ್ಲ ಅಂತ ಹೇಳಿ ಸರ್.” ಅವಳು ಚೀಟಿ ತೆಗೆದು ಅವನ ಕೈಗೆ ಕೊಟ್ಟಳು. “ಇನ್ನು ಆರು ತಿಂಗಳು ಬುಧವಾರ ಬೆಳಿಗ್ಗೆ ನಾನಿರಲ್ಲ.”

“ಸರಿ, ಬದಲಿ ಹುಡುಕು.”

ಆಯ್ತು ಬಿಡಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಎದುರಂಗಡಿಯತ್ತ ನೋಡಿದಳು. ಅಲ್ಲಿಯೂ ಗೆಳತಿ ಒಬ್ಬಳೇ ಓಡಾಡುತ್ತಿದ್ದಳು. ತಾನು ಬಿಟ್ಟರೆ ಇವನು ಬೆಳಗಿನ ಪಾಳಿಗೆ ಯಾರನ್ನು ತರುತ್ತಾನೆ? ಕೆಲಸ ಹೋದೀತೆಂದು ಐದು ವರ್ಷ ಹೆದರಿದ್ದಳು. ಹೆದರಬೇಕಾದವರು ಬೇರೆ ಇದ್ದರು.

“ಹುಡುಕಲ್ಲ ಸರ್. ನೀವೇ ಹುಡುಕಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಆಚೆ ಕಡೆ ಇವತ್ತು ಬೆಳಿಗ್ಗೆ ತಾನೆ ಒಂದು ಜಾಗ ಖಾಲಿಯಾಗಿದೆ.”

ಅವನು ಚೀಟಿಯನ್ನು ಎರಡು ಸಲ ಓದಿ, ಒಳಗೆ ಹೋಗಿ, ಪಾಳಿಪಟ್ಟಿಯ ಬುಧವಾರದ ಸಾಲಿನಲ್ಲಿ ಅವಳ ಹೆಸರು ಹೊಡೆದುಹಾಕಿ ತನ್ನದನ್ನು ಬರೆದ.

ಸಂಬಳ ಏರಲಿಲ್ಲ. ಬುಧವಾರಗಳ ಸಂಬಳವನ್ನು ಹಿಡಿದುಕೊಂಡರು. ಮುಂದಿನ ವಾರ ಮ್ಯಾನೇಜರ್ ಬೆಳಗಿನ ಪಾಳಿಗೆ ನಿಂತು, ಯಾವ ಬ್ರೆಡ್ಡಿಗೆ ಎಷ್ಟು, ಬಿಲ್ ಮೆಷಿನ್ನಿನ ಕಾಗದ ಹಾಕುವುದು ಹೇಗೆ ಎಂದು ಕೇಳಲು ಅವಳಿಗೆ ಆರು ಸಲ ಫೋನ್ ಮಾಡಿದ. ಅವಳು ಆಗ ನೆಲದ ಮೇಲೆ ಕೂತು, ಡಾಕ್ಟರಮ್ಮ ಹೇಳಿಕೊಟ್ಟಂತೆ, ಮಗಳ ಮುಖ ನೋಡುತ್ತಾ ‘ಕೊಡು’ ಎನ್ನುತ್ತಿದ್ದಳು, ನಿಧಾನವಾಗಿ, ಮತ್ತೆ ಮತ್ತೆ.