ಬಾಣಂತಿ ಕೋಣೆಯ ಬೀಜಗಣಿತ

ಹತ್ತನೇ ತರಗತಿಯ ಗಣಿತದಲ್ಲಿ ಪಾಸಾದರೆ ಸಿಂಧನೂರಿನ ಕಾಲೇಜು, ಫೇಲಾದರೆ ಲಿಂಗಸುಗೂರಿನ ಗಂಡು. ತುರ್ವಿಹಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ಇದನ್ನು ಕಾಲುವೆಗೆ ನೀರು ಬಂತು ಎನ್ನುವಷ್ಟೇ ಸಲೀಸಾಗಿ ಹೇಳಿದ್ದ. ಅಕ್ಕನಿಗೂ ಹೀಗೇ ಹೇಳಿದ್ದ. ಅವಳು ಫೇಲಾದಳು, ಸಂತೆಕಲ್ಲೂರಿಗೆ ಸೊಸೆಯಾಗಿ ಹೋದಳು. ಈಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು.

ಬಹುಪದೋಕ್ತಿ ಕಳೆಯುವ ಲೆಕ್ಕ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಅದನ್ನು ಓದಿದವಳು ಅಕ್ಕ ಒಬ್ಬಳೇ. ಅವಳೋ ಹೊಗೆ ಹಾಕಿದ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು, ಗಾಳಿ ಹೊಗಬಾರದೆಂದು ಎರಡೂ ಕಿವಿಗೆ ಅರಳೆ ಇಟ್ಟುಕೊಂಡು ಮಲಗಿರುತ್ತಿದ್ದಳು. ಅರಳೆ ತೆಗೆದರೆ ಅವ್ವ ಬೈಯುತ್ತಿದ್ದಳು. ಹಾಗಾಗಿ ಉತ್ತರವನ್ನು ನಾನು ಕೂಗಿಯೇ ಹೇಳಬೇಕಿತ್ತು, ಅವಳೂ ಕೂಗಿಯೇ ತಿದ್ದುತ್ತಿದ್ದಳು. ನನ್ನ ದಡ್ಡತನವೆಲ್ಲ ಕಟ್ಟೆಯ ಮೇಲಿದ್ದ ಅಪ್ಪನಿಗೆ ಕೇಳುತ್ತಿತ್ತು. ನಾಚಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬರುತ್ತಿತ್ತು.

“ಐದು ಎಕ್ಸ್ ಪ್ಲಸ್ ಮೂರರಾಗ ಎರಡು ಎಕ್ಸ್ ಮೈನಸ್ ಏಳು ಕಳಿ,” ಎಂದಳು ಅಕ್ಕ ಒಂದು ದಿನ.

“ಮೂರು ಎಕ್ಸ್ ಮೈನಸ್ ನಾಲ್ಕು,” ಎಂದು ಕೂಗಿದೆ.

“ತಪ್ಪು. ಮೊದಲಿನದರ ಚಿಹ್ನೆ ಅಷ್ಟ ಬದಲಿಸಿ ಕೈಬಿಟ್ಟಿ. ಆವರಣದ ಮುಂದ ಮೈನಸ್ ಇತ್ತಂದ್ರ ಒಳಗಿನವೆಲ್ಲಾ ಬದಲಾಗ್ತಾವ. ಮೈನಸ್ ಏಳು ಪ್ಲಸ್ ಏಳಾತು. ಈಗ ಕೂಡಿಸು.”

“ಮೂರು ಎಕ್ಸ್ ಪ್ಲಸ್ ಹತ್ತು.”

“ನಾನೂ ಅಲ್ಲೇ ಎಡವಿದ್ದೆ,” ಎಂದಳು ಅಕ್ಕ. “ಆ ಪಾಠ ಮಾಡುವಾಗ ಭತ್ತ ನಾಟಿಗೆ ಅಂತ ನನಗ ಸಾಲಿ ತಪ್ಪಿಸಿದ್ರು. ಆಮ್ಯಾಲೆ ಅತ್ತಿ ಮನ್ಯಾಗ ರೊಟ್ಟಿ ಬಡಿಯುವಾಗ ಮೈದುನ ಓದೋದು ಕೇಳಿ ಕೇಳಿ ತಿಳೀತು.”

ಇದೂ ಕಟ್ಟೆಗೆ ಕೇಳಿಸಿತ್ತು. ಅಪ್ಪ ಬಾಗಿಲಿಗೆ ಬಂದು ನಿಂತ. ಅಕ್ಕ ಎದ್ದು ಕೂತಳು.

“ಅಪ್ಪಾ, ನಾನೂ ಇನ್ನೊಮ್ಮಿ ಪರೀಕ್ಷಾ ಕಟ್ಟಲೇನು?”

“ನಿಮ್ಮ ಮನಿಯವರನ್ನ ಕೇಳೂಣು ತಗೋ,” ಎಂದ ಅಪ್ಪ ಹೊರಗೆ ಹೋದ.

ಯಾರೂ ಕೇಳಲಿಲ್ಲ. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಅವಳನ್ನು ಕಳಿಸಿಕೊಟ್ಟರು. ಮಸ್ಕಿಯಲ್ಲಿ ಬಸ್ ಇಳಿದು ಸಂತೆಕಲ್ಲೂರಿನ ಟಂಟಂ ಆಟೋ ಹತ್ತುವವರೆಗೂ ನಾನು ಜೊತೆಗಿದ್ದೆ. ತೊಟ್ಟಿಲನ್ನು ನಾನೇ ಮೇಲೆತ್ತಿ ಕೊಟ್ಟೆ.

ಫಲಿತಾಂಶ ಬಂದ ದಿನ ಫೋನ್ ಮಾಡಿ ಪಾಸಾದೆ ಎಂದೆ. ಅವಳ ಹಿಂದೆ ಅತ್ತೆ ಯಾವುದೋ ಕೆಲಸಕ್ಕೆ ಕರೆಯುತ್ತಿದ್ದರು.

“ಕಳಿಯೋ ಲೆಕ್ಕ ಕೇಳಿದ್ರೇನು?”

“ಕೇಳಿದ್ರು. ಎಲ್ಲಾ ಚಿಹ್ನೆ ಬದಲಿಸೀನಿ.”

“ಶಾಣ್ಯಾಕಿ ಆದಿ.” ಮಗು ಅಳತೊಡಗಿತು. ಆಮೇಲೆ ಅಕ್ಕ ಹೇಳಿದಳು, “ಮುಂದ ಈಕಿಗೂ ನೀನ ಹೇಳಿಕೊಡು. ಆ ಹೊತ್ತಿಗೆ ನಂಗ ಮರ್ತಿರ್ತದ.”