ನೇಪಾಳಕ್ಕೆ ನೂರರ ನೋಟು

ಗಣಿತದ ಮೇಡಂ ಅವರ ಬಲಗೈ ತೋರುಬೆರಳು ಮೊದಲ ಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ತರಗತಿಯಲ್ಲಿ ಒಬ್ಬನ ಕಡೆ ಬೆರಳು ಮಾಡಿ "ನೀನು ಹೇಳು" ಅಂದರೆ ಅವನ ಜೊತೆಗೆ ಎಡಗಡೆ ಕೂತವನೂ ಎದ್ದು ನಿಲ್ಲುತ್ತಿದ್ದ. "ಸರಿ, ಇಬ್ಬರೂ ಹೇಳಿ" ಅನ್ನುತ್ತಿದ್ದರು. ಅರಕಲಗೂಡಿನ ಹೈಸ್ಕೂಲಿನಲ್ಲಿ ಮೂರು ವರ್ಷ ನಾನು ಹೀಗೆ ಬೇರೆಯವರ ಪ್ರಶ್ನೆಗೆಲ್ಲ ಎದ್ದು ನಿಂತವನು.

ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಲೆಕ್ಕ ತಪ್ಪಾದರೆ ಪಕ್ಕದಲ್ಲಿ ಬಂದು ಕೂತು, "ಎಲ್ಲಿ ದಾರಿ ತಪ್ಪಿದೆ, ಅಲ್ಲಿಗೆ ವಾಪಸ್ ಹೋಗೋಣ ಬಾ" ಅನ್ನುತ್ತಿದ್ದರು. ಉತ್ತರ ಸರಿಯಿದ್ದು ದಾರಿ ತಪ್ಪಿದ್ದರೆ ಮಾತ್ರ ಅವರಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಿವೃತ್ತರಾಗಿ ತಮ್ಮ ಊರು ಹೊಳೆನರಸೀಪುರಕ್ಕೆ ಹೋದರು. ದೇವಸ್ಥಾನದ ಬೀದಿಯಲ್ಲಿ ಹಳೆಯ ಮನೆ, ಜೊತೆಗೆ ತಂಗಿ. ಮದುವೆ ಆಗಿರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮೊದಲ ವರ್ಷ ತಂಗಿಯನ್ನೂ ಬೀದಿಯ ನಾಲ್ಕು ಜನರನ್ನೂ ಕರೆದುಕೊಂಡು ಕಾಶಿಗೆ ಹೋಗಿ ಬಂದರು. ಹಿಂದಿ ಚೆನ್ನಾಗಿ ಬರುತ್ತಿತ್ತು, ರೈಲಿನ ವೇಳಾಪಟ್ಟಿ ಬಾಯಿಪಾಠ ಇತ್ತು. ಮರುವರ್ಷ ಹತ್ತು ಜನ ಕೇಳಿಕೊಂಡು ಬಂದರು. ಆಮೇಲೆ ಅದು ನಿಲ್ಲಲೇ ಇಲ್ಲ. ಕಾಶಿ, ಗೋರಖಪುರ, ಅಲ್ಲಿಂದ ನೇಪಾಳ, ಮುಕ್ತಿನಾಥ. ಲಾಭ ಅಂತ ಒಂದು ಪೈಸೆ ಇಟ್ಟುಕೊಳ್ಳುತ್ತಿರಲಿಲ್ಲ. ಉಳಿದದ್ದನ್ನು ವಾಪಸ್ ಬರುವ ರೈಲಿನಲ್ಲೇ ಹಂಚಿಬಿಡುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ನಮ್ಮವ್ವನಿಗೆ ಮುಕ್ತಿನಾಥ ನೋಡುವ ಆಸೆಯಾಯಿತು. ನಾನಾಗ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ. ಅವ್ವ ಅರಕಲಗೂಡಿನ ಹತ್ತಿರದ ನಮ್ಮ ಊರಿನಿಂದಾಚೆ ಧರ್ಮಸ್ಥಳದ ತನಕ ಹೋದದ್ದೇ ಹೆಚ್ಚು. ಮೇಡಂಗೆ ಕಾಗದ ಬರೆದೆ. "ಇಬ್ಬರಿಗೂ ಜಾಗ ಇದೆ. ಭಾನುವಾರ ತಪ್ಪದೆ ಬನ್ನಿ. ಬರದಿದ್ದರೆ ಜಾಗ ಇಲ್ಲ" ಅಂತ ಉತ್ತರ ಬಂತು.

ಭಾನುವಾರ ಅವರ ಮನೆಯ ಜಗಲಿಯಲ್ಲಿ ಹದಿನಾರು ಜನ ಕೂತಿದ್ದೆವು. ಹೆಚ್ಚಿನವರು ಹೊಳೆನರಸೀಪುರದವರು. ಚನ್ನರಾಯಪಟ್ಟಣದಿಂದ ಒಬ್ಬ ಕೊಬ್ಬರಿ ವ್ಯಾಪಾರಿ, ಅವರ ಹೆಂಡತಿ. ಮೇಡಂ ದೇವರ ವಿಚಾರ ಒಂದು ಮಾತೂ ಆಡಲಿಲ್ಲ. ಪೂರ್ತಿ ಎರಡು ಗಂಟೆ ದುಡ್ಡಿನ ಪಾಠ ಮಾಡಿದರು.

"ನೇಪಾಳ ಬೇರೆ ದೇಶ. ಅಲ್ಲಿನ ರೂಪಾಯಿ ಬೇರೆ. ನಮ್ಮ ಐದು ಕೊಟ್ಟರೆ ಅವರು ಎಂಟು ಕೊಡಬೇಕು. ಅಂಗಡಿಯವನು ರೇಟು ಹೇಳಿದ ಕೂಡಲೇ ಐಸಿನೋ ಎನ್ಸಿನೋ ಅಂತ ಕೇಳಿ. ಐಸಿ ಅಂದರೆ ನಮ್ಮ ದುಡ್ಡು, ಎನ್ಸಿ ಅಂದರೆ ಅವರ ದುಡ್ಡು. ಕೇಳದೆ ನಮ್ಮ ನೂರು ಕೊಟ್ರೆ ಅವರ ಲೆಕ್ಕದಲ್ಲಿ ಅರವತ್ತು ಹೋಯಿತು ಅಂತಲೇ ತಿಳ್ಕೊಳ್ಳಿ."

ಆಮೇಲೆ ನೋಟಿನ ವಿಷಯ. ನಮ್ಮ ಐನೂರು, ಸಾವಿರದ ನೋಟು ಅಲ್ಲಿ ನಡೆಯುವುದಿಲ್ಲ. ಇಟ್ಟುಕೊಂಡು ಸಿಕ್ಕಿಬಿದ್ದರೆ ಪೊಲೀಸರು ಹಿಡಿಯುತ್ತಾರೆ. ನೂರರ ನೋಟು ಮಾತ್ರ ತರಬೇಕು. ಗಡಿಯ ಬೀದಿಯಲ್ಲಿ ನೋಟಿನ ಕಂತೆ ಹಿಡಿದು ಕೂಗುವವರ ಹತ್ತಿರ ಬದಲಾಯಿಸಬಾರದು. "ಹೆಚ್ಚು ಕೊಡ್ತೀನಿ ಅನ್ನೋನು ನಡುವೆ ಹರಿದ ನೋಟು ಸೇರಿಸಿರ್ತಾನೆ" ಅಂದರು. ಬ್ಯಾಂಕಿನ ಕೌಂಟರಿನಲ್ಲೇ ಬದಲಾಯಿಸಿ, ಅಲ್ಲೇ ನಿಂತು ಎಣಿಸಿ, ರಸೀದಿ ತೆಗೆದುಕೊಳ್ಳಬೇಕು. ಎಲ್ಲವನ್ನೂ ಒಂದೇ ದಿನ ಬದಲಾಯಿಸಬಾರದು, ಯಾಕೆಂದರೆ ಉಳಿದದ್ದನ್ನು ವಾಪಸ್ ಮಾಡುವಾಗ ಮತ್ತೆ ಕಳೆದುಕೊಳ್ಳುತ್ತೇವೆ.

ಕೊನೆಗೆ ಜೇಬು. ಹೆಂಗಸರ ಒಳಲಂಗಕ್ಕೆ, ಗಂಡಸರ ಬನಿಯನ್ನಿಗೆ ಮೂರು ಜೇಬು ಹೊಲಿಸಬೇಕು. ಒಂದರಲ್ಲಿ ಆ ದಿನದ ಖರ್ಚು. ಎರಡನೆಯದರಲ್ಲಿ ಮುಂದಿನ ದಿನಗಳದ್ದು. ಮೂರನೆಯದರಲ್ಲಿ ಹತ್ತು ನೂರರ ನೋಟು. "ಆ ಮೂರನೇ ಜೇಬಿಗೆ ಹೊಲಿಗೆ ಹಾಕಿಬಿಡಿ. ನಾನು ಹೇಳೋ ತನಕ ಬಿಚ್ಚಬಾರದು."

ಅವ್ವ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನನಗೆ ಒಳಗೊಳಗೇ ನಗು. ಆ ವರ್ಷವಷ್ಟೇ ನನಗೆ ಬ್ಯಾಂಕಿನಿಂದ ಎಟಿಎಂ ಕಾರ್ಡು ಬಂದಿತ್ತು. ಅದರ ಮೇಲೆ, ಭಾರತ ಮತ್ತು ನೇಪಾಳದಲ್ಲಿ ಮಾತ್ರ ನಡೆಯುತ್ತದೆ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಎದ್ದು ನಿಂತು ಅದನ್ನು ಮೇಡಂಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡೂ ಕಡೆ ಓದಿದರು.

"ಒಳ್ಳೇದೇ. ತಗೊಂಡು ಬಾ. ಆದರೆ ನೂರರ ನೋಟೂ ತಾ."

"ಆಗಲಿ ಮೇಡಂ" ಅಂದೆ.

ತರಲಿಲ್ಲ. ಹೊರಡುವ ಹಿಂದಿನ ದಿನ ಹಾಸನದ ಎಟಿಎಂನಲ್ಲಿ ಇಪ್ಪತ್ತು ಸಾವಿರ ತೆಗೆದೆ. ನಲವತ್ತು ಐನೂರರ ನೋಟು ಬಂತು. ಬ್ಯಾಂಕಿನ ಒಳಗೆ ಹೋಗಿ ಸಾಲಿನಲ್ಲಿ ನಿಂತರೆ ನೂರರ ಕಟ್ಟು ಸಿಗುತ್ತಿತ್ತು. ಬೇಜಾರಾಯಿತು, ಅಷ್ಟೇ.

ಅವ್ವ ನೋಡಿದವಳೇ ಅಂದಳು: "ಮೇಡಮ್ಮೋರು ನೂರ್ರುದೇ ತರ್ಬೇಕು ಅಂದ್ರಲ್ಲೋ."

"ದುಡ್ಡು ದುಡ್ಡೇ ಕಣವ್ವ. ಎಲ್ಲೋದ್ರೂ ನಡೀತದೆ."

"ನಂಗೇನ್ ಗೊತ್ತು. ಅವ್ರು ಏಳಿದ್ ಕೇಳ್ದೆ ನೀನು ಫೇಲಾಗಿದ್ದು ಮಾತ್ರ ಗೊತ್ತು" ಅಂದಳು.

ಗೋರಖಪುರದ ತನಕ ತೊಂದರೆಯಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ಮೇಡಂ ಹೇಳಿದಂತೆಯೇ ಕಂತೆ ಹಿಡಿದವರು ಮುತ್ತಿಕೊಂಡರು. ಅವರು ಯಾರಿಗೂ ಮುಖ ಕೊಡದೆ ನಮ್ಮನ್ನೆಲ್ಲ ಬ್ಯಾಂಕಿನ ಕೌಂಟರಿಗೆ ಕರೆದುಕೊಂಡು ಹೋಗಿ ಸಾಲಾಗಿ ನಿಲ್ಲಿಸಿದರು. ನನ್ನ ಜೇಬಿನಲ್ಲಿ ಚಿಲ್ಲರೆಯಾಗಿ ಏಳೆಂಟು ನೂರರ ನೋಟುಗಳಿದ್ದವು. ಅದನ್ನೇ ಬದಲಾಯಿಸಿ ಸಾಲಿನಿಂದ ಜಾರಿಕೊಂಡೆ. ಉಳಿದದ್ದೆಲ್ಲ ನನ್ನ ಬನಿಯನ್ನಿನೊಳಗೆ ಇತ್ತು; ಅವ್ವ ಹೊಲಿಸಿಕೊಂಡಿದ್ದ ಮೂರು ಜೇಬೂ ಖಾಲಿ. ಮೇಡಂ ನನ್ನನ್ನು ಒಂದು ಸಲ ನೋಡಿದರು. ಕೇಳಲಿಲ್ಲ, ನಂಬಿದ್ದರು.

ಪೋಖರಾದಲ್ಲಿ ಎರಡು ದಿನ ನಮ್ಮ ಹೆಂಗಸರ ವ್ಯಾಪಾರ ನೋಡುವಂತಿತ್ತು. ರುದ್ರಾಕ್ಷಿ, ಶಾಲು, ಹವಳ, ಏನು ಮುಟ್ಟಿದರೂ "ಐಸಿನಾ, ಎನ್ಸಿನಾ?" ಅವ್ವನೂ ಒಂದು ಕೆಂಪು ಶಾಲು ಹಿಡಿದು ಕೇಳಿದಳು. ಅಂಗಡಿಯವನು ನಗುತ್ತಾ ರೇಟು ಇಳಿಸಿದ.

ಮೂರನೆಯ ದಿನ ಶುಕ್ರವಾರ. ಮರುದಿನ ಬೆಳಿಗ್ಗೆ ಸಣ್ಣ ವಿಮಾನದಲ್ಲಿ ಮುಕ್ತಿನಾಥದ ಕಡೆ ಹೊರಡಬೇಕು. ಬೆಳಗಿನಿಂದಲೇ ಅವ್ವನಿಗೆ ವಾಂತಿ, ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿ, ಕೈಕಾಲು ತಣ್ಣಗಾಗಿ, ಕರೆದರೆ ಓಗೊಡುತ್ತಿರಲಿಲ್ಲ. ಮೇಡಂ ಮತ್ತು ನಾನು ಟ್ಯಾಕ್ಸಿಯಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಡ್ರಿಪ್ ಹಾಕಿದರು. ಆದರೆ ಒಳರೋಗಿಯಾಗಿ ಸೇರಿಸಬೇಕೆಂದರೆ, ಸಂಜೆಯೊಳಗೆ ಅವರ ಹದಿನಾರು ಸಾವಿರ ಮುಂಗಡ ಕಟ್ಟಬೇಕು ಅಂದರು. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ.

"ಕಾರ್ಡ್ ಇದೆ ಮೇಡಂ, ಈಗ ಬಂದೆ" ಅಂತ ಓಡಿದೆ.

ಕೆರೆಯ ದಂಡೆಯ ರಸ್ತೆಯಲ್ಲಿ ಒಂದು ಎಟಿಎಂ ಇತ್ತು. ಕಾರ್ಡು ಹಾಕಿದೆ, ನಂಬರು ಒತ್ತಿದೆ. ಯಂತ್ರ ಗುರ್ ಅಂದು ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಪರದೆ ಹೊಸದಾಗಿ ಸ್ವಾಗತ ಅಂದಿತೇ ಹೊರತು ಕಾರ್ಡು ಹೊರಗೆ ಬರಲಿಲ್ಲ. ಕಾವಲಿನವನು ಹಿಂದಿಯಲ್ಲಿ ಹೇಳಿದ: ಬ್ಯಾಂಕಿನವರು ಹೋಗಿಯಾಯಿತು. ನಾಳೆ ಶನಿವಾರ, ರಜೆ. ಭಾನುವಾರ ಬನ್ನಿ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಬನಿಯನ್ನಿನಲ್ಲಿ ಇಪ್ಪತ್ತು ಸಾವಿರ ರೂಪಾಯಿ ಇದೆ, ಅವ್ವನಿಗೆ ಔಷಧಿಗೆ ದುಡ್ಡಿಲ್ಲ. ನನ್ನ ಅವಸ್ಥೆ ನೋಡಿ ಎದುರಿನ ಸ್ವೆಟರ್ ಅಂಗಡಿಯವನು ಕೈಬೀಸಿ ಕರೆದ. ಐನೂರರ ನೋಟು ತಾನು ತಗೊಳ್ಳುತ್ತೇನೆ, ಆದರೆ ನಿಮ್ಮ ಐನೂರಕ್ಕೆ ನಮ್ಮ ಐನೂರು ಅಂದ. ಎಂಟುನೂರು ಬರಬೇಕಾದ ಕಡೆ ಐನೂರು. ಮುಂಗಡದಷ್ಟು ಬದಲಾಯಿಸಿದರೂ ನನ್ನ ಮುಕ್ಕಾಲು ತಿಂಗಳ ಸಂಬಳ ಅವನ ಪಾಲು. ಒಪ್ಪಿಕೊಂಡೆ. ಅಂಗಡಿಯ ಹಿಂದಿನ ಕೋಣೆಗೆ ಬಾ ಅಂದ. ಹೋಗಿ ಅಂಗಿಯ ಗುಂಡಿ ಬಿಚ್ಚುತ್ತಿದ್ದೆ.

"ಅಂಗಿ ಹಾಕ್ಕೊಂಡು ಹೊರಗೆ ಬಾ."

ಮೇಡಂ ಬಾಗಿಲಲ್ಲಿ ನಿಂತಿದ್ದರು. ನಾನು ಬರುವುದು ತಡವಾಯಿತೆಂದು ನರ್ಸನ್ನು ಅವ್ವನ ಹತ್ತಿರ ಕೂರಿಸಿ ಹುಡುಕಿಕೊಂಡು ಬಂದಿದ್ದರು. ಕಾವಲಿನವನು ಅಂಗಡಿ ತೋರಿಸಿದ್ದ. ಬೀದಿಗೆ ಬಂದ ಮೇಲೆ ಕೇಳಿದರು:

"ಎಷ್ಟು ನೋಟು?"

"ನಲವತ್ತು."

"ಎಲ್ಲಾ ಐನೂರರದ್ದಾ?"

ತಲೆಯಾಡಿಸಿದೆ.

"ಅವನು ದುಡ್ಡು ತಗೊಂಡು ಹಿಂದಿನ ಬಾಗಿಲಲ್ಲಿ ಹೋಗಿದ್ರೆ ಯಾರಿಗೆ ದೂರು ಕೊಡ್ತಿದ್ದೆ? ಪೊಲೀಸ್ನೋರಿಗೆ ಹೇಳಿದ್ರೆ ನಿನ್ನನ್ನೇ ಕೂಡಿಹಾಕ್ತಾರೆ. ಆಮೇಲೆ ನಿಮ್ಮಮ್ಮನ ಪಕ್ಕದಲ್ಲಿ ಯಾರು ಕೂತ್ಕೋತಾರೆ?"

ಅಷ್ಟೇ. ನೇರ ಲಾಡ್ಜಿಗೆ ನಡೆದರು. ಎಲ್ಲರನ್ನೂ ಹಜಾರಕ್ಕೆ ಕರೆಸಿ, ಆದದ್ದನ್ನು ಒಂದನ್ನೂ ಮುಚ್ಚಿಡದೆ ಹೇಳಿದರು. ನಾನು ಗೋಡೆಗೆ ಒರಗಿ ನೆಲ ನೋಡುತ್ತಿದ್ದೆ.

"ಹತ್ತು ಜನದ ಮೂರನೇ ಜೇಬು ಬೇಕು. ಗೋರಖಪುರದಲ್ಲಿ ಇವನು ಐನೂರರ ನೋಟಲ್ಲಿ ವಾಪಸ್ ಕೊಡ್ತಾನೆ. ಅದಕ್ಕೆ ನಾನು ಹೊಣೆ."

ಯಾರೂ ಅಲ್ಲಾಡಲಿಲ್ಲ. ಪರದೇಶದಲ್ಲಿ ಕೈಯಲ್ಲಿರುವ ಕೊನೆಯ ದುಡ್ಡು ಬಿಚ್ಚುವುದು ಸುಲಭವಲ್ಲ. ಕೊನೆಗೆ ಕೊಬ್ಬರಿ ವ್ಯಾಪಾರಿಯ ಹೆಂಡತಿ ಅಂದರು:

"ತಪ್ಪು ತಿಳ್ಕೋಬ್ಯಾಡಿ ಮೇಡಂ. ನಾವೆಲ್ಲ ನೀವೇಳ್ದಂಗೆ ಬ್ಯಾಂಕಲ್ಲಿ ನಿಂತು ತಂದಿದ್ದೀವಿ. ಓದ್ದೋರು ಇವ್ರು, ಮಾತು ಕೇಳ್ನಿಲ್ಲ. ಅದ್ಕೆ ನಾವ್ಯಾಕೆ ಬಿಚ್ಚಬೇಕು?"

"ಇವನಿಗೆ ಬಿಚ್ಚಬೇಡಿ" ಅಂದರು ಮೇಡಂ. "ಅಲ್ಲಿ ಮಲಗಿರೋರಿಗೆ ಬಿಚ್ಚಿ. ಅವರು ಮಾತು ಕೇಳಿದ್ರು."

ಆಮೇಲೆ ತಾವೇ ಒಳಗೆ ಹೋಗಿ, ಹೊಲಿಗೆ ಬಿಚ್ಚಿ, ಹತ್ತು ನೋಟು ತಂದು ಹಜಾರದ ಮಂಚದ ಮೇಲಿಟ್ಟರು. ಕೊಬ್ಬರಿ ವ್ಯಾಪಾರಿಯ ಹೆಂಡತಿ ಆ ನೋಟುಗಳನ್ನು ನೋಡಿದರು. "ಕತ್ರಿ ಎಲ್ಲದೆ?" ಅಂತ ಎದ್ದವರು ಅವರೇ. ಅರ್ಧ ಗಂಟೆಯಲ್ಲಿ ಮಂಚದ ಮೇಲೆ ಹತ್ತು ಸಾವಿರ ಇತ್ತು. ಬೆವರಿಗೆ ಮೆತ್ತಗಾದ, ಅರಿಸಿನ ಹತ್ತಿದ ನೂರರ ನೋಟುಗಳು.

ಮರುದಿನ ಯಾತ್ರೆಯ ಜವಾಬ್ದಾರಿಯನ್ನು ಕೊಬ್ಬರಿ ವ್ಯಾಪಾರಿಗೆ ಒಪ್ಪಿಸಿ ಎಲ್ಲರನ್ನೂ ವಿಮಾನ ಹತ್ತಿಸಿದರು. ತಾವು ಹೋಗಲಿಲ್ಲ. ಹೆಂಗಸರ ವಾರ್ಡಿನಲ್ಲಿ ನನ್ನನ್ನು ಬಿಡುತ್ತಿರಲಿಲ್ಲ. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಎರಡು ದಿನ ಮೇಡಂ ಅವಳ ಬೆಡ್‌ಪ್ಯಾನ್ ತೆಗೆದರು, ಗಂಜಿ ಕುಡಿಸಿದರು. ದೇವಸ್ಥಾನದ ಬೀದಿಯ ಮನೆತನದವರು ತನ್ನದನ್ನೆಲ್ಲ ಬಳಿಯುತ್ತಿದ್ದಾರೆಂದು ಅವ್ವ ಅತ್ತಳಂತೆ. "ಮಗ್ಗಿ ಬರುತ್ತಾ?" ಅಂತ ಕೇಳಿ, ಬರಲ್ಲ ಅಂದದ್ದಕ್ಕೆ ಎರಡರ ಮಗ್ಗಿ ಶುರು ಮಾಡಿಸಿದರಂತೆ.

ಭಾನುವಾರ ಬ್ಯಾಂಕು ತೆರೆಯಿತು. ಗುರುತಿನ ಚೀಟಿ ನೋಡಿ ಕಾರ್ಡು ವಾಪಸ್ ಕೊಟ್ಟರು, ಅದೇ ಯಂತ್ರದಲ್ಲಿ ದುಡ್ಡೂ ಬಂತು. ಆಸ್ಪತ್ರೆಯ ಬಾಕಿ ಅದರಿಂದಲೇ ಕಟ್ಟಿದೆ. ಮೇಡಂ ಕೇಳಿದ ಮೊದಲ ಪ್ರಶ್ನೆ: "ಒಂದು ಸಲ ತೆಗೆದರೆ ಎಷ್ಟು ಚಾರ್ಜು ಹಿಡಿದುಕೊಳ್ತಾರೆ?" ಬ್ಯಾಂಕಿನವರು ಹೇಳಿದ್ದನ್ನು ಹೇಳಿದೆ. ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. "ಹಾಗಾದ್ರೆ ಚೂರುಚೂರು ತೆಗೀಬಾರದು, ಒಂದೇ ಸಲ ತೆಗೀಬೇಕು. ಬ್ಯಾಂಕು ತೆರೆದಿರೋ ಹೊತ್ತಲ್ಲಿ, ಬ್ಯಾಂಕಿಗೆ ಅಂಟಿಕೊಂಡಿರೋ ಮಿಷನ್ನಲ್ಲೇ ತೆಗೀಬೇಕು. ಕಾರ್ಡು ಒಳ್ಳೇದೇ ಕಣಪ್ಪಾ. ನೀನು ಅದೊಂದನ್ನೇ ನಂಬಿದೆ." ನನ್ನ ಮೂರ್ಖತನದಿಂದಲೂ ಅವರಿಗೊಂದು ಪಾಠ ಸಿಕ್ಕಿತ್ತು.

ಮುಕ್ತಿನಾಥ ತಪ್ಪಿತಲ್ಲ ಅಂತ ನಾನು ಅವ್ವನ ಮುಂದೆ ಪೇಚಾಡಿಕೊಂಡೆ. "ಬುಡು ಮಗಾ" ಅಂದಳು. "ಉಸಿರು ಅದೆಯಲ್ಲ. ಮೇಡಮ್ಮೋರು ಪಕ್ದಲ್ಲಿ ಕುಂತಿದ್ರು, ಅಷ್ಟು ಸಾಕು."

ವಾಪಸ್ ಬರುವಾಗ ಗಡಿಯಲ್ಲಿ ತಪಾಸಣೆಯವನು ಬಸ್ಸು ಹತ್ತಿ, ಏನಾದರೂ ಇದೆಯಾ ಅಂತ ಕೇಳಿದ. ಐನೂರರ ನೋಟುಗಳಿನ್ನೂ ಬನಿಯನ್ನಿನಲ್ಲೇ ಇದ್ದವು; ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ಮೇಡಂ ಅವ್ವನನ್ನು ತೋರಿಸಿ, "ಬೀಮಾರ್ ಹೈ", ಹುಷಾರಿಲ್ಲ, ಅಂದರು. ಅವನು ಇಳಿದುಹೋದ. ಈಚೆಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ನಾನು ನಿಜ ಹೇಳ್ತಾನೇ ಸುಳ್ಳು ಹೇಳಿದೆ, ನೋಡು. ನನ್ನ ಕೈಲಿ ಇನ್ನೊಂದ್ಸಲ ಇದನ್ನ ಮಾಡಿಸ್ಬೇಡ."

ಆ ಇಡೀ ಯಾತ್ರೆಯಲ್ಲಿ ನನಗೆ ಬಿದ್ದ ಏಟೆಂದರೆ ಆ ಮಾತು. ಗೋರಖಪುರದಲ್ಲಿ ಹತ್ತು ಜನಕ್ಕೂ ಎರಡೆರಡು ಐನೂರರ ನೋಟು ಕೊಟ್ಟೆ. ಕೊಬ್ಬರಿ ವ್ಯಾಪಾರಿಯ ಹೆಂಡತಿ ತಮ್ಮದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಅವ್ವನಿಗೆ ಮುಕ್ತಿನಾಥದ ತೀರ್ಥದ ಸೀಸೆ ತಂದುಕೊಟ್ಟರು.

ಮುಂದಿನ ಐದು ವರ್ಷ, ಯಾತ್ರೆಗೆ ಮೊದಲಿನ ಭಾನುವಾರ ಮೇಡಂ ನನ್ನನ್ನು ಹಾಸನದಿಂದ ಕರೆಸುತ್ತಿದ್ದರು. "ನೀನೇ ಹೇಳು, ನಾನು ಹೇಳಿದ್ರೆ ನಂಬಲ್ಲ" ಅನ್ನುತ್ತಿದ್ದರು. ಹೊಸ ಹದಿನೈದಿಪ್ಪತ್ತು ಮುಖಗಳ ಮುಂದೆ ನಾನು ಸ್ವೆಟರ್ ಅಂಗಡಿಯ ಕಥೆ ಹೇಳುತ್ತಿದ್ದೆ. ಮೊದಲ ಸಲ ನಾಲಿಗೆ ತೊದಲಿತು. ಆಮೇಲಾಮೇಲೆ ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮೇಡಂ ನಗುತ್ತಿರಲಿಲ್ಲ, ಎಲ್ಲಾದರೂ ಒಂದು ವಿವರ ಬಿಟ್ಟೆನೇನೋ ಅಂತ ಕೇಳಿಸಿಕೊಳ್ಳುತ್ತಿದ್ದರು.

ಆರನೆಯ ವರ್ಷ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೃದಯ. ನಾಲ್ಕೇ ದಿನ ಮಲಗಿದ್ದು. ಹದಿನಾಲ್ಕು ಜನ ಮುಂಗಡ ಕೊಟ್ಟು, ಮುಂದಿನ ತಿಂಗಳಿಗೆ ರೈಲು ಟಿಕೆಟ್ ಆಗಿತ್ತು. ವೈಕುಂಠ ಸಮಾರಾಧನೆಯ ದಿನ ಅವರ ತಂಗಿ ಎಲ್ಲರ ದುಡ್ಡನ್ನೂ ಲಕೋಟೆಯಲ್ಲಿ ಹಾಕಿ ವಾಪಸ್ ಕೊಡಲು ಕೂತಿದ್ದರು. ಬಂದವರು ಯಾರೂ ಲಕೋಟೆ ಮುಟ್ಟಲಿಲ್ಲ. ಒಬ್ಬರು ಮುದುಕರು ನನ್ನ ಕಡೆ ನೋಡಿ, "ನೀವು ಕರ್ಕೊಂಡೋಗ್ತೀರಾ ಸಾ?" ಅಂದರು.

ನನಗೆ ಹಿಂದಿ ಸರಿಯಾಗಿ ಬಾರದು ಅಂದೆ. ರಜೆ ಸಿಗುವುದಿಲ್ಲ ಅಂದೆ. ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳಿಗಾಗ ಮಂಡಿ ನೋವು, ಬಾಗಿಲು ದಾಟುವುದೇ ಕಷ್ಟವಾಗಿತ್ತು. "ನಾನಂತೂ ಬರಾಕಾಗಲ್ಲ ಕಣ್ಲಾ. ನೀನೋಗು. ಅವ್ರು ಒಪ್ಕೊಂಡಿದ್ದ ಕೆಲ್ಸ, ಅರ್ಧಕ್ಕೆ ನಿಲ್ಲಬಾರ್ದು" ಅಂದಳು.

ಹೋದೆ. ಎಲ್ಲರನ್ನೂ ಕೌಂಟರಿನ ಮುಂದೆ ನಿಲ್ಲಿಸಿದೆ, ರಸೀದಿ ಕೇಳಿ ಪಡೆದೆ. ಪೋಖರಾದಿಂದ ಆ ಸಣ್ಣ ವಿಮಾನ ನಾನು ಹತ್ತಿದ್ದು ಅದೇ ಮೊದಲು. ಮುಕ್ತಿನಾಥದಲ್ಲಿ ಗಾಳಿಗೆ ಕಿವಿ ಹರಿದುಹೋಗುವ ಚಳಿ. ಜನ ನೂರೆಂಟು ಧಾರೆಗಳ ಕೆಳಗೆ ಓಡುತ್ತಾ ನೆನೆದು, ನಡುಗುತ್ತಾ, ಕೂಗುತ್ತಾ ಹೊರಗೆ ಬರುತ್ತಿದ್ದರು. ದೇವರ ಮುಂದೆ ನಿಂತಾಗ ಕೇಳಿಕೊಳ್ಳಲು ಏನೂ ತೋಚಲಿಲ್ಲ. ಹೊರಗೆ ಬಂದು ಹದಿನಾಲ್ಕು ಜನರನ್ನೂ ಎಣಿಸಿದೆ. ಎಲ್ಲರೂ ಇದ್ದರು.