ನಾಯಿ ಕಚ್ಚುವುದಿಲ್ಲ ಎಂದು ನೀನು ಬರೆದಿದ್ದೆ

ಸೆಲ್ವಿ, ನಿನ್ನ ಗದ್ಯಾಂಶದ ಉದ್ದೇಶ ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ತಪ್ಪು ಉತ್ತರಕ್ಕೆ ಗುರುತು ಹಾಕಿದೆ. ಜೂನ್ ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ ಒಂದೂವರೆ — ನನ್ನ ದಿನಚರಿಯಲ್ಲಿದೆ. ಬೇಕೆಂದೇ ತಪ್ಪು ಬರೆದೆ ಎಂಬುದು ಮಾತ್ರ ಅದರಲ್ಲಿಲ್ಲ. ಮೂರು ವರ್ಷದ ಮೇಲೆ ಈಗ ಬರೆಯುತ್ತಿದ್ದೇನೆ.

ಶಿವಮೊಗ್ಗದ ದುರ್ಗಿಗುಡಿಯ ಆ ಮಹಡಿ ಮೇಲಿನ ತರಗತಿ ನಿನಗೆ ನೆನಪಿರಬಹುದು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದ ಇಪ್ಪತ್ತಾರು ಜನರಲ್ಲಿ ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು ನೀನೊಬ್ಬಳೇ. ಮನೆಯಲ್ಲಿ ತಮಿಳು ಮಾತಾಡುವ ನಿನಗೆ ಕನ್ನಡದ ಗದ್ಯಾಂಶಗಳೆಂದರೆ ಭಯ. ಅದರಲ್ಲೂ 'ಲೇಖಕರ ಮುಖ್ಯ ಉದ್ದೇಶವೇನು?' ಎಂಬ ಪ್ರಶ್ನೆ. ಅದಕ್ಕೇ ನಾವೊಂದು ಪದ್ಧತಿ ಮಾಡಿಕೊಂಡೆವು — ಊಟದ ಹೊತ್ತಿಗೆ ಒಬ್ಬಳು ಎಂಟು ಸಾಲು ಬರೆದು ಕೆಳಗೆ ನಾಲ್ಕು ಉತ್ತರ ಕೊಡಬೇಕು, ಇನ್ನೊಬ್ಬಳು ಉದ್ದೇಶ ಹುಡುಕಬೇಕು, ಆಮೇಲೆ ಅದಲುಬದಲು. ಸರಿಯಾದರೆ ಒಂದು ಅಂಕ. ಅಂಕ ಬರೆದಿಡುವ ಕೆಲಸ ನನ್ನದು.

"ಎಷ್ಟು ತುತ್ತು ತಿಂದೆ ಅಂತಾನೂ ಬರ್ಕೊಳ್ತೀಯೇನೆ ಮಾರಾಯ್ತಿ?" ಎಂದು ನೀನು ನಗುತ್ತಿದ್ದೆ. ಬರೆದುಕೊಳ್ಳುತ್ತಿರಲಿಲ್ಲ. ಬರೆದಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ — ನಿನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ಯಾವಾಗಲೂ ನನ್ನ ಕಡೆ ಬರುತ್ತಿತ್ತು ಎಂದಾದರೂ.

ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಉಪಾಯ: "ಏನ್ ಬರ್ದಿದಾರೆ ಅಂತ ಎಲ್ರಿಗೂ ಕಾಣುತ್ತೆ. ಯಾಕ್ ಬರ್ದಿದಾರೆ, ಯಾರಿಗ್ ಬರ್ದಿದಾರೆ ಅಂತ ನೋಡ್ರಮ್ಮ. ಯಾವ್ದಾದ್ರೂ ಸಾಲು ಬೇಡವಾಗಿತ್ತು ಅನ್ಸಿದ್ರೆ ಅದನ್ನೇ ಎರಡ್ ಸಲ ಓದಿ."

ಆ ಮಂಗಳವಾರ ನೀನು ಬರೆದುಕೊಟ್ಟ ಹಾಳೆ ದಿನಚರಿಯೊಳಗೆ ಇನ್ನೂ ಇದೆ.

'ಭದ್ರಾವತಿಯಲ್ಲಿ ಹಳೇ ಸೇತುವೆಯ ಹತ್ತಿರ ಇಳಿದರೆ ನಮ್ಮ ಮನೆಗೆ ಹನ್ನೆರಡು ನಿಮಿಷದ ದಾರಿ. ಮೊದಲು ಹಿಟ್ಟಿನ ಗಿರಣಿ ಸಿಗುತ್ತದೆ. ಆಮೇಲೆ ಕಾರ್ಖಾನೆಯ ಉದ್ದ ಗೋಡೆ. ಈ ಭಾನುವಾರ ಹತ್ತು ಗಂಟೆಗೆ ಹೊಸೂರಿನಿಂದ ಗಂಡಿನ ಕಡೆಯವರು ಬರುತ್ತಾರೆ. ಮದುವೆಯಾದರೆ ಪರೀಕ್ಷೆ ಇಲ್ಲ. ಮಗಳು ಹೇಳಿದರೆ ಅಪ್ಪ ಕೇಳುವುದಿಲ್ಲ. ಓದಿದವರು ಹೇಳಿದರೆ ಕೇಳುತ್ತಾರೆ. ನಮ್ಮ ಬೀದಿಯ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.'

ಕೆಳಗೆ ನಾಲ್ಕು ಉತ್ತರ: ವರ್ಣಿಸುವುದು, ಮಾಹಿತಿ ನೀಡುವುದು, ರಂಜಿಸುವುದು, ಓದುಗರ ಮನವೊಲಿಸುವುದು.

ನಾಯಿಯ ಸಾಲನ್ನು ಎರಡು ಸಲ ಓದಿದೆ. ನಾಯಿ ಕಚ್ಚುವುದಿಲ್ಲ ಎಂದು ಯಾರಿಗೆ ಹೇಳುತ್ತಾರೆ — ಮನೆಗೆ ಬರಬೇಕಾದವರಿಗಲ್ಲದೆ? ಹಿಂದೊಮ್ಮೆ ನಿಮ್ಮ ಮನೆಗೆ ಬಂದಾಗ ಆ ನಾಯಿಗೆ ಹೆದರಿ ಗೇಟಿನಾಚೆಯೇ ನಿಂತು ಕಿರುಚಿದವಳು ನಾನೇ. ಅವತ್ತು ನಿನ್ನ ಅಪ್ಪ ಕುರ್ಚಿ ಒರೆಸಿ ನನ್ನನ್ನು ಕೂರಿಸಿ, "ಟೀಚರಮ್ಮ, ನೀವು ಹೇಳಿದ್ರೆ ಸರಿಯಾಗೇ ಇರುತ್ತೆ" ಎಂದಿದ್ದರು. ಇನ್ನೂ ಪರೀಕ್ಷೆಯನ್ನೇ ಬರೆಯದ ನನಗೆ! ನೀನು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ತರಗತಿಯಲ್ಲಿ ಫ್ಯಾನಿನ ಕೆಳಗಿನ ಜಾಗವನ್ನು ಕೂಡ ಕೇಳಿದವಳಲ್ಲ. ಕೇಳಲು ನಿನಗೆ ಸಿಕ್ಕ ದಾರಿ ನಮ್ಮ ಆ ಎಂಟು ಸಾಲು.

ನಾನು 'ಮಾಹಿತಿ ನೀಡುವುದು' ಎಂಬುದಕ್ಕೆ ಗುರುತು ಹಾಕಿದೆ.

ನೀನು ಹಾಳೆಯನ್ನು ನೋಡಿದೆ. ನನ್ನನ್ನು ನೋಡಲಿಲ್ಲ. "ಸರಿ ಕಣೆ," ಎಂದೆ. "ಮಾಹಿತಿನೇ." ನನ್ನ ಪೆನ್ನು ತೆಗೆದುಕೊಂಡು ನೀನೇ ನನ್ನ ಹೆಸರಿನ ಕೆಳಗೆ ಒಂದು ಅಂಕದ ಗೆರೆ ಎಳೆದೆ. ಡಬ್ಬಿಯ ಅರ್ಧವನ್ನು ಎಂದಿನಂತೆ ನನ್ನ ಕಡೆ ತಳ್ಳಿದೆ. ನಾನು ತಿಂದೆ.

ನಿನ್ನ ಅಪ್ಪನಿಗೆ ಹೆದರಿದೆ, ಬೇರೆಯವರ ಮನೆಯ ವಿಷಯ ನನಗೇಕೆ ಅಂದುಕೊಂಡೆ — ಹೀಗೆಲ್ಲ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ದಿನಚರಿಯ ಪುಟ ಬೇರೆ ಹೇಳುತ್ತದೆ. ಏಪ್ರಿಲ್ ಕೊನೆಗೆ ನಿನಗೆ ಒಂಬತ್ತು, ನನಗೆ ಹದಿನೆಂಟು. ಆ ಮಂಗಳವಾರ ಬೆಳಿಗ್ಗೆ ನಿನಗೆ ನಲವತ್ತೊಂದು, ನನಗೆ ನಲವತ್ತು. ನಾನು ಹೇಳಿಕೊಟ್ಟವಳು ನನ್ನನ್ನೇ ದಾಟಿದ್ದಳು. ನಿನ್ನ ಆ ಅಂಕಿಯ ಮೇಲೆ ಎಷ್ಟು ಸಲ ಪೆನ್ನು ಒತ್ತಿ ತಿದ್ದಿದ್ದೇನೆಂದರೆ ಹಾಳೆ ತೂತಾಗಿದೆ. ನೀನು ಪರೀಕ್ಷೆಗೆ ಬರದಿದ್ದರೆ... ಆ ವಾಕ್ಯವನ್ನು ಅವತ್ತೂ ಮುಗಿಸಲಿಲ್ಲ, ಇವತ್ತೂ ಕೈ ಬರುತ್ತಿಲ್ಲ.

ಭಾನುವಾರ ಹತ್ತು ಗಂಟೆಗೆ ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೆ. ಸೋಮವಾರ ನೀನು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ನಿನ್ನ ಫೋನ್ ನಂಬರ್ ಬದಲಾಯಿತು. ಹೊಸೂರಿಗೇ ಕೊಟ್ಟರಂತೆ ಎಂದು ಯಾರೋ ಹೇಳಿದರು.

ನಾನು ಪಾಸಾದೆ. ಈಗ ಕುಂಸಿಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ಇದೇ ಪಾಠ ಮಾಡುತ್ತೇನೆ. 'ಬೇಡವೆನಿಸಿದ ಸಾಲನ್ನು ಎರಡು ಸಲ ಓದಿ' ಎನ್ನುವಾಗ ಪ್ರತಿಸಲವೂ ನನ್ನ ದನಿ ಇಳಿಯುತ್ತದೆ. ಸಂಜೆ ಶಿವಮೊಗ್ಗದ ನಿಲ್ದಾಣಕ್ಕೆ ಭದ್ರಾವತಿಯ ಬಸ್ಸು ಬಂದರೆ ಕೊನೆಯವರು ಇಳಿಯುವ ತನಕ ನಿಂತಿರುತ್ತೇನೆ. ನೀನು ಇಳಿಯುವುದಿಲ್ಲ ಎಂದು ಗೊತ್ತಿದ್ದೂ. ನನ್ನ ಡಬ್ಬಿಯಲ್ಲಿ ಈಗ ದಿನಾ ಅರ್ಧ ಉಳಿಯುತ್ತದೆ, ಸೆಲ್ವಿ — ಅಮ್ಮ ಬೈಯುತ್ತಾಳೆ.

ಇವತ್ತು ಆ ಪುಟ ತೆಗೆದು, ನನ್ನ ಹೆಸರಿನ ಕೆಳಗೆ ನೀನು ಎಳೆದ ಗೆರೆಯನ್ನು ಹೊಡೆದುಹಾಕಿದೆ. ನಿನಗೆ ನಲವತ್ತೊಂದು, ನನಗೆ ನಲವತ್ತು. ಈ ಭಾನುವಾರ ಹಳೇ ಸೇತುವೆಯ ಹತ್ತಿರ ಇಳಿಯುತ್ತೇನೆ. ಇಲ್ಲಿ ಬರೆದಿರುವುದನ್ನೇ ನಿನ್ನ ಅಪ್ಪನ ಎದುರು ಹೇಳುತ್ತೇನೆ. ಆಮೇಲೂ ಅವರಿಗೆ ಕೊಡಬೇಕೆನಿಸಿದರೆ, ನಿನ್ನ ವಿಳಾಸ ಕೇಳುತ್ತೇನೆ. ಕುರ್ಚಿ ಒರೆಸಿ ಕೊಟ್ಟರೆ ಕೂರುವುದಿಲ್ಲ.